ಜ್ವರ ಬಂದರೆ ಗಡ್ಡೆ ಕರಗುವುದೇ? ಮೂತ್ರಪಿಂಡದ ಕ್ಯಾನ್ಸರ್ ಮತ್ತು ದೇಹದ ಕಾವಲು



ಕಳೆದ ಅಮಾವಾಸ್ಯೆಯಂದು ಪ್ರಸಾದ ಮುಗಿದ ಮೇಲೆ ಹಂಪಸಾಗರದ ಕಡೆಯ ಕುಟುಂಬವೊಂದು ದಾಸೋಹ ಭವನದಲ್ಲಿ ನಮ್ಮನ್ನು ಕಂಡಿತು. ಹಿರಿಯರ ಎಡ ಮೂತ್ರಪಿಂಡದಲ್ಲಿ ಗಡ್ಡೆಯಿದೆ, ಅದು ಕ್ಯಾನ್ಸರ್ ಇರಬಹುದು, ಬೇಗ ಶಸ್ತ್ರಚಿಕಿತ್ಸೆ ಆಗಬೇಕು ಎಂದು ವೈದ್ಯರು ಹೇಳಿದ್ದರು. ಅಷ್ಟರಲ್ಲಿ ಹಿರಿಯರಿಗೆ ಒಂದು ವಾರ ವಿಷಮಜ್ವರದಂತೆ ಕಾಡಿದ ವೈರಲ್ ಜ್ವರ ಬಂದು ಇಳಿದಿತ್ತು. ಮಗ ಸ್ಕ್ಯಾನ್ ವರದಿಯನ್ನು ನಮ್ಮ ಮುಂದೆ ಹಿಡಿದು ಕೇಳಿದ: "ಜ್ವರದ ತಾಪಕ್ಕ ಗಡ್ಡಿ ಕರಗತೈತಿ ಅಂತ ನಮ್ಮ ಬೀಗರು ಹೇಳ್ಯಾರ್ರಿ. ಮೊಬೈಲಿನ್ಯಾಗೂ ಹಂಗ ಬಂದೈತಿ. ಆಪರೇಷನ್ ಒಂದು ನಾಕು ತಿಂಗಳು ಮುಂದ ಹಾಕಿದ್ರ ನಡೀತೈತೇನ್ರಿ?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ಎಳೆ ಸತ್ಯವಿದೆ. ಆ ಎಳೆಯನ್ನೇ ಹಗ್ಗವೆಂದು ನಂಬಿ ಹಿಡಿದವರು ಬಾವಿಗೆ ಬೀಳುವ ಅಪಾಯವೂ ಇದೆ. ಆದುದರಿಂದ ಈ ಸಂಚಿಕೆಯಲ್ಲಿ ವೈರಾಣು ಸೋಂಕು, ದೇಹದ ರೋಗನಿರೋಧಕ ಶಕ್ತಿ ಮತ್ತು ಮೂತ್ರಪಿಂಡದ ಕ್ಯಾನ್ಸರ್ ಇವುಗಳ ಸಂಬಂಧವನ್ನು ನಿಧಾನವಾಗಿ ವಿಚಾರಿಸೋಣ.

ಮೂತ್ರಪಿಂಡದ ಕಾಯಕ

ಬೆನ್ನಿನ ಹಿಂಭಾಗದಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಎಡಕ್ಕೊಂದು ಬಲಕ್ಕೊಂದು ಮೂತ್ರಪಿಂಡಗಳಿವೆ. ಒಂದೊಂದರ ಉದ್ದ 10ರಿಂದ 12 ಸೆಂಟಿಮೀಟರ್. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಗಗಳಿವೆ. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದುದನ್ನೆಲ್ಲ ಸೂಕ್ಷ್ಮ ನಾಳಗಳ ಮೂಲಕ ಮರಳಿ ರಕ್ತಕ್ಕೆ ಸೇರಿಸಿ, ಬೇಡವಾದುದನ್ನು ಮಾತ್ರ ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಹಾಕುತ್ತವೆ. ಸದ್ದಿಲ್ಲದೆ, ಹೆಸರು ಬಯಸದೆ ನಡೆಯುವ ಕಾಯಕವಿದು.

ಮೂತ್ರಪಿಂಡದ ಕ್ಯಾನ್ಸರ್ ಬಹುಮಟ್ಟಿಗೆ ಈ ಸೂಕ್ಷ್ಮ ನಾಳಗಳ ಒಳಪದರದ ಜೀವಕೋಶಗಳಲ್ಲಿ ಹುಟ್ಟುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 4.3 ಲಕ್ಷ ಜನರಲ್ಲಿ ಹೊಸದಾಗಿ ಇದು ಕಂಡಿತು. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಬೀಡಿ ಸಿಗರೇಟು, ಅತಿಯಾದ ಮೈಭಾರ, ಹತೋಟಿಗೆ ಬಾರದ ರಕ್ತದೊತ್ತಡ, ಬಹುಕಾಲದ ಡಯಾಲಿಸಿಸ್ ಇವು ಅದರ ಅಪಾಯವನ್ನು ಹೆಚ್ಚಿಸುವ ಕಾರಣಗಳು. ಕೆಲವು ಮನೆತನಗಳಲ್ಲಿ ಅನುವಂಶಿಕವಾಗಿಯೂ ಬರುವುದುಂಟು.

ಕೆಂಪು ಮೂತ್ರವೆಂದರೆ ಉಷ್ಣವಷ್ಟೇ ಅಲ್ಲ

ನಮ್ಮ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯ ಬಿಸಿಲು ಎಲ್ಲರಿಗೂ ತಿಳಿದದ್ದೇ. ಹೊಲದಲ್ಲಿ ದುಡಿದು, ನೀರು ಕಡಿಮೆ ಕುಡಿದು, ಮೂತ್ರ ಉರಿಯಾದಾಗ "ಉಷ್ಣ ಆಗೈತಿ" ಎಂದು ಮಜ್ಜಿಗೆ, ಎಳನೀರು, ಸಬ್ಜಾ ಬೀಜದ ಮೊರೆ ಹೋಗುವುದು ರೂಢಿ. ಹಳದಿಯ ಗಾಢ ಬಣ್ಣಕ್ಕೆ ಇದು ಸರಿ. ಆದರೆ ಮೂತ್ರ ಕೆಂಪಾದರೆ, ಚಹದ ಡಿಕಾಕ್ಷನ್ನಿನಂತಾದರೆ ಅದನ್ನು ಉಷ್ಣವೆಂದು ಕೈಬಿಡಬಾರದು. ಬೀಟ್‌ರೂಟ್ ತಿಂದಾಗ, ಕ್ಷಯದ ಮಾತ್ರೆ ನುಂಗುವಾಗಲೂ ಬಣ್ಣ ಬದಲಾಗುವುದುಂಟು. ಅಂಥ ಕಾರಣವಿಲ್ಲದೆ ಒಮ್ಮೆ ರಕ್ತ ಕಂಡರೂ ಪರೀಕ್ಷೆಯಾಗಲೇಬೇಕು.

ಇಲ್ಲಿ ಒಂದು ಮೋಸವಿದೆ. ಮೂತ್ರಪಿಂಡದಲ್ಲಿ ಕಲ್ಲಿದ್ದರೆ ರಕ್ತದ ಜೊತೆಗೆ ಒದ್ದಾಡಿಸುವ ನೋವು ಬರುತ್ತದೆ, ರೋಗಿ ತಾನಾಗಿ ಆಸ್ಪತ್ರೆಗೆ ಓಡುತ್ತಾನೆ. ಕ್ಯಾನ್ಸರಿನಲ್ಲಿ ರಕ್ತ ಅನೇಕ ಸಲ ನೋವಿಲ್ಲದೆ ಬರುತ್ತದೆ. ಎರಡು ದಿನ ಬಂದು ತಾನೇ ನಿಲ್ಲುತ್ತದೆ. ನಿಂತಿತಲ್ಲ, ಗುಣವಾಯಿತು ಎಂದು ಮನೆಯವರು ಮರೆಯುತ್ತಾರೆ. ಗಡ್ಡೆ ಮರೆಯುವುದಿಲ್ಲ. ಪಕ್ಕೆಯಲ್ಲಿ ಮಂದ ನೋವು, ಕೈಗೆ ಸಿಗುವ ಗಡ್ಡೆ, ಕಾರಣವಿಲ್ಲದ ತೂಕನಷ್ಟ, ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ ಇವೂ ಲಕ್ಷಣಗಳೇ. ಕೊನೆಯದನ್ನು ಗಮನಿಸಿರಿ: ಕೆಲವೊಮ್ಮೆ ಜ್ವರವು ಗಡ್ಡೆಯನ್ನು ಕರಗಿಸಲು ಬಂದದ್ದಲ್ಲ, ಗಡ್ಡೆಯೇ ಹುಟ್ಟಿಸಿದ್ದು.

ವೈರಾಣು ಬಂದಾಗ ದೇಹ ಮಾಡುವುದೇನು?

ವೈರಾಣು ತಾನಾಗಿ ಬದುಕಲಾರದು. ಅದು ನಮ್ಮ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ತಯಾರಿಸಿಕೊಳ್ಳುತ್ತದೆ. ಹೀಗೆ ದಾಳಿಗೊಳಗಾದ ಜೀವಕೋಶ ಸಾಯುವ ಮುನ್ನ ಒಂದು ಕೆಲಸ ಮಾಡುತ್ತದೆ. ಊರಿಗೆ ಕಳ್ಳರು ನುಗ್ಗಿದಾಗ ಡಂಗುರ ಸಾರುವಂತೆ, ಒಂದು ರಾಸಾಯನಿಕವನ್ನು ಹೊರಸೂಸಿ ನೆರೆಯ ಜೀವಕೋಶಗಳನ್ನು ಎಚ್ಚರಿಸುತ್ತದೆ. ಆ ಡಂಗುರದ ಹೆಸರು ಇಂಟರ್‌ಫೆರಾನ್.

1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಮನುಷ್ಯರಿಗೂ ಜ್ವರ ತಗುಲಿ, ಮಂಗನ ಕಾಯಿಲೆಯೆಂಬ ಹೊಸ ವೈರಾಣು ರೋಗ ಲೋಕಕ್ಕೆ ತಿಳಿಯಿತು. ಅದೇ ವರ್ಷ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇನ್‌ಫ್ಲುಯೆಂಜಾ ವೈರಾಣುವಿನ ಪ್ರಯೋಗದಲ್ಲಿ ಇಂಟರ್‌ಫೆರಾನನ್ನು ಕಂಡುಹಿಡಿದರು. ವೈರಲ್ ಜ್ವರದಲ್ಲಿ ನಮಗಾಗುವ ಚಳಿ, ಮೈಕೈ ನೋವು, ಸುಸ್ತು ಬಹುಪಾಲು ವೈರಾಣುವಿನ ನೇರ ಕೃತ್ಯವಲ್ಲ, ಈ ಡಂಗುರದ ಸದ್ದು.

ಡಂಗುರ ಕೇಳಿದ ಮೇಲೆ ಜೀವಕೋಶಗಳು ತಮ್ಮೊಳಗೆ ಏನಿದೆಯೆಂಬುದರ ಗುರುತಿನ ಚೀಟಿಯನ್ನು ಹೊರಮೈಮೇಲೆ ಹೆಚ್ಚಾಗಿ ಪ್ರದರ್ಶಿಸುತ್ತವೆ. ಟಿ ಕಣಗಳೆಂಬ ಕಾವಲುಗಾರರು ಮನೆಮನೆ ತಿರುಗಿ ಆ ಚೀಟಿಗಳನ್ನು ಓದುತ್ತಾರೆ. ಅಪರಿಚಿತ ಗುರುತು ಕಂಡಲ್ಲಿ ಆ ಜೀವಕೋಶವನ್ನೇ ನಾಶಮಾಡುತ್ತಾರೆ. ಕೆಲಸ ಮುಗಿದ ಮೇಲೆ ಕಾವಲುಗಾರರನ್ನು ಶಾಂತಗೊಳಿಸಲು ಕಡಿವಾಣವೂ ಇದೆ. ಕಡಿವಾಣವಿಲ್ಲದಿದ್ದರೆ ಅವರು ನಮ್ಮ ಆರೋಗ್ಯವಂತ ಅಂಗಗಳನ್ನೇ ಹೊಡೆದಾರು.

ಗಡ್ಡೆಯ ವಂಚನೆ

ವೈರಾಣುವಿನಿಂದಲೇ ಬರುವ ಕ್ಯಾನ್ಸರುಗಳುಂಟು. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ, ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಪ್ರಸಿದ್ಧ ಉದಾಹರಣೆಗಳು. ಮೂತ್ರಪಿಂಡದ ಕ್ಯಾನ್ಸರಿಗೆ ಹಾಗೆ ಕಾರಣವೆಂದು ಸಿದ್ಧವಾದ ವೈರಾಣು ಇಲ್ಲ. ಆದುದರಿಂದ ಇದು ಅಂಟುರೋಗವಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ, ಪಂಕ್ತಿಯಿಂದ ದೂರ ಕೂರಿಸಬೇಕಾಗಿಲ್ಲ.

ಆದರೆ ಈ ಕ್ಯಾನ್ಸರಿಗೂ ದೇಹದ ಕಾವಲಿಗೂ ನಿಕಟ ನಂಟಿದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡು, ಕಸಿ ಉಳಿಯಲೆಂದು ನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಲ್ಲಿ ಈ ಕ್ಯಾನ್ಸರ್ ಇತರರಿಗಿಂತ ಹೆಚ್ಚು. ಮೂತ್ರಪಿಂಡದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರೊಳಗೆ ಟಿ ಕಣಗಳು ಗುಂಪುಗುಂಪಾಗಿ ಕಾಣುತ್ತವೆ. ಹೆಚ್ಚಿನ ಕ್ಯಾನ್ಸರುಗಳಲ್ಲಿ ಇಂಥ ಗುಂಪು ಶುಭಸೂಚನೆ. ಮೂತ್ರಪಿಂಡದಲ್ಲಿ ಮಾತ್ರ ಅನೇಕ ಸಲ ಅದರ ವಿರುದ್ಧವೇ ಕಂಡಿದೆ. ಕಾರಣ, ಬಂದ ಕಾವಲುಗಾರರು ಬಳಲಿ ತೂಕಡಿಸುತ್ತಿರುತ್ತಾರೆ. ದೇಹವೇ ಇಟ್ಟುಕೊಂಡ ಆ ಕಡಿವಾಣವನ್ನು ಗಡ್ಡೆ ತನ್ನ ಕೈಗೆ ತೆಗೆದುಕೊಂಡು ಎಳೆದು ಹಿಡಿದಿರುತ್ತದೆ. ಕಾವಲುಗಾರರು ಇದ್ದರೆ ಸಾಲದು, ಎಚ್ಚರವಾಗಿರಬೇಕು.

ಜ್ವರದ ನಂತರ ಗಡ್ಡೆ ಇಳಿದ ಪ್ರಸಂಗಗಳು

ಬೀಗರ ಮಾತಿನಲ್ಲಿದ್ದ ಎಳೆ ಸತ್ಯ ಇಲ್ಲಿದೆ. ಸೋಂಕಿನ ಬೆನ್ನಿಗೆ ಗಡ್ಡೆ ಕುಗ್ಗಿದ ಪ್ರಸಂಗಗಳನ್ನು ವೈದ್ಯರು ನೂರಾರು ವರ್ಷಗಳಿಂದ ದಾಖಲಿಸಿದ್ದಾರೆ. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಚರ್ಮದ ಸೋಂಕು ತಗುಲಿದ ರೋಗಿಯೊಬ್ಬರ ಗಡ್ಡೆ ಮಾಯವಾದ ಹಳೆಯ ದಾಖಲೆಯನ್ನು ಕಂಡು, ತಾನೇ ಬೇಕೆಂದು ರೋಗಿಗಳಿಗೆ ಬ್ಯಾಕ್ಟೀರಿಯಾವನ್ನು ಚುಚ್ಚಿದರು. ಕೆಲವರ ಗಡ್ಡೆ ಇಳಿಯಿತು. ಕೆಲವರು ಆ ಸೋಂಕಿನಿಂದಲೇ ಸತ್ತರು. 1971ರಲ್ಲಿ ಉಗಾಂಡದ ಬಾಲಕನೊಬ್ಬನ ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರು ದಡಾರದ ನಂತರ ಇಳಿದದ್ದು ವರದಿಯಾಯಿತು. 2021ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ವೈದ್ಯರು, ಡಯಾಲಿಸಿಸ್‌ನಲ್ಲಿದ್ದ ರೋಗಿಯೊಬ್ಬರ ಹಾಡ್ಜ್‌ಕಿನ್ ಲಿಂಫೋಮಾ ಕೋವಿಡ್ ಬಂದುಹೋದ ಕೆಲ ತಿಂಗಳಲ್ಲಿ ಬಹುಮಟ್ಟಿಗೆ ಇಳಿದುದನ್ನು ಬರೆದರು. ಮೊಬೈಲಿನಲ್ಲಿ ಹರಿದಾಡುವ ಸುದ್ದಿಗಳ ಮೂಲ ಇಂಥ ವರದಿಗಳೇ.

ಮೂತ್ರಪಿಂಡದ ಕ್ಯಾನ್ಸರಿನಲ್ಲೂ ಚಿಕಿತ್ಸೆಯಿಲ್ಲದೆ ಗಡ್ಡೆ ಕುಗ್ಗಿದ್ದುಂಟು. ಮುಖ್ಯವಾಗಿ, ಶಸ್ತ್ರಚಿಕಿತ್ಸೆಯಲ್ಲಿ ರೋಗಗ್ರಸ್ತ ಮೂತ್ರಪಿಂಡವನ್ನು ತೆಗೆದ ಮೇಲೆ ಶ್ವಾಸಕೋಶಕ್ಕೆ ಹರಡಿದ್ದ ಚಿಕ್ಕ ಗಡ್ಡೆಗಳು ತಾವಾಗಿ ಮರೆಯಾಗಿವೆ. ಆದರೆ ಎಷ್ಟು ಜನರಲ್ಲಿ? ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಉಳಿದ 99 ಜನರ ಕಥೆ ಸುದ್ದಿಯಾಗುವುದಿಲ್ಲ. ಗಡ್ಡೆ ಕರಗಿದ ಒಬ್ಬನ ಮಾತು ಊರೂರು ತಿರುಗುತ್ತದೆ, ಕಾಯುತ್ತ ಕಾಲ ಕಳೆದು ಹೋದವರು ಮಾತಾಡಲು ಉಳಿದಿರುವುದಿಲ್ಲ. ಕೋವಿಡ್ ಕಾಲದ ಲೆಕ್ಕವಂತೂ ಸ್ಪಷ್ಟ: ಕ್ಯಾನ್ಸರ್ ಇದ್ದವರು ಆ ಸೋಂಕಿನಿಂದ ಇತರರಿಗಿಂತ ಹೆಚ್ಚಾಗಿ ಸತ್ತರು.

ವೈದ್ಯಲೋಕ ಕಲಿತ ಪಾಠ

ಹಾಗೆಂದು ಆ ಅಪರೂಪದ ಪ್ರಸಂಗಗಳು ವ್ಯರ್ಥವಾಗಲಿಲ್ಲ. ಜ್ವರವನ್ನು ಕಾಯುವ ಬದಲು ಜ್ವರದೊಳಗಿನ ಶಕ್ತಿಯನ್ನೇ ಅಳೆದು ಕೊಡಲಾಗದೇ ಎಂದು ವಿಜ್ಞಾನಿಗಳು ಯೋಚಿಸಿದರು. 1980ರ ದಶಕದಲ್ಲಿ ಇಂಟರ್‌ಫೆರಾನನ್ನೇ ಚುಚ್ಚುಮದ್ದಾಗಿಸಿ ಹರಡಿದ ಮೂತ್ರಪಿಂಡದ ಕ್ಯಾನ್ಸರಿಗೆ ಕೊಡಲಾಯಿತು. 1999ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಅದು ಆಯುಸ್ಸನ್ನು ಸರಾಸರಿ ಎರಡೂವರೆ ತಿಂಗಳು ಹೆಚ್ಚಿಸಿತು. ಸಣ್ಣ ಲಾಭ, ಆದರೆ ದಾರಿ ಸರಿಯೆಂಬುದಕ್ಕೆ ಸಾಕ್ಷಿ. 1992ರಲ್ಲಿ ಅಮೆರಿಕದಲ್ಲಿ ಇಂಟರ್‌ಲ್ಯೂಕಿನ್-2 ಎಂಬ ಮತ್ತೊಂದು ನಿರೋಧಕ ರಾಸಾಯನಿಕಕ್ಕೆ ಅನುಮತಿ ದೊರೆಯಿತು. ಅದರಿಂದ ನೂರರಲ್ಲಿ ಐದಾರು ಜನ ಪೂರ್ಣವಾಗಿ, ಬಹುಕಾಲ ಗುಣ ಕಂಡರು. ಉಳಿದವರಿಗೆ ತೀವ್ರ ಅಡ್ಡಪರಿಣಾಮಗಳ ಕಷ್ಟವೇ ದೊರೆಯಿತು.

2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರು, ಹರಡಿದ ಮೂತ್ರಪಿಂಡ ಕ್ಯಾನ್ಸರಿನ 19 ರೋಗಿಗಳಿಗೆ ಒಡಹುಟ್ಟಿದವರ ರಕ್ತಮೂಲ ಕಣಗಳನ್ನು ಕಸಿ ಮಾಡಿದ್ದನ್ನು ವರದಿ ಮಾಡಿದರು. 10 ಜನರ ಗಡ್ಡೆ ಕುಗ್ಗಿತು. ಇಬ್ಬರು ಕಸಿಯ ತೊಡಕುಗಳಿಂದ ಮರಣ ಹೊಂದಿದರು. ಕುಗ್ಗಿದ್ದೇಕೆ ಎಂದು ಹುಡುಕಿದಾಗ 2008ರಲ್ಲಿ ಅಚ್ಚರಿಯ ಸಂಗತಿ ಹೊರಬಿತ್ತು. ಮನುಷ್ಯನ ವಂಶವಾಹಿಯಲ್ಲಿ ಸುಮಾರು ನೂರಕ್ಕೆ ಎಂಟು ಭಾಗ ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ಪೂರ್ವಜೀವಿಗಳೊಳಗೆ ಸೇರಿಹೋದ ವೈರಾಣುಗಳ ಅವಶೇಷ. ಅವು ನಿದ್ರಿಸುತ್ತಿರುತ್ತವೆ. ಮೂತ್ರಪಿಂಡದ ಕ್ಯಾನ್ಸರ್ ಕೋಶಗಳಲ್ಲಿ ಅಂಥದೊಂದು ಪ್ರಾಚೀನ ಅವಶೇಷ ಎಚ್ಚೆತ್ತು, ಗುರುತಿನ ಚೀಟಿಯಲ್ಲಿ ಕಾಣಿಸಿಕೊಂಡಿತ್ತು. ಒಬ್ಬ ರೋಗಿಯ ದೇಹಕ್ಕೆ ಕಸಿಯ ಮೂಲಕ ಬಂದ ಟಿ ಕಣಗಳು ಅದನ್ನೇ ಗುರುತಿಸಿ ಗಡ್ಡೆಯನ್ನು ಹೊಡೆದಿದ್ದವು. ವೈರಾಣುವನ್ನು ಹಿಡಿಯುವ ಕಣ್ಣೇ ಕ್ಯಾನ್ಸರನ್ನೂ ಹಿಡಿದಿತ್ತು.

ಮುಂದಿನ ಹೆಜ್ಜೆ ಕಡಿವಾಣದ ಕಡೆಗೆ. ಟಿ ಕಣಗಳ ಕಡಿವಾಣವನ್ನು ಸಡಿಲಿಸುವ ವಿಧಾನ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪುರಸ್ಕಾರ ಸಂದಿತು. ಅದೇ ವರ್ಷ ಪ್ರಕಟವಾದ ಅಧ್ಯಯನದಲ್ಲಿ, ಹರಡಿದ ಮೂತ್ರಪಿಂಡ ಕ್ಯಾನ್ಸರಿನ ಮಧ್ಯಮ ಇಲ್ಲವೆ ಹೆಚ್ಚು ಅಪಾಯದ ರೋಗಿಗಳಿಗೆ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ಇಂಥ ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟಾಗ 18 ತಿಂಗಳ ನಂತರ 100ರಲ್ಲಿ 75 ಜನ ಬದುಕಿದ್ದರು. ಹಿಂದಿನ ಮಾತ್ರೆಯ ಚಿಕಿತ್ಸೆಯಲ್ಲಿ ಆ ಸಂಖ್ಯೆ 60.

ಆಯುಸ್ಸಿನ ಲೆಕ್ಕ

ಇಷ್ಟೆಲ್ಲ ಹೊಸ ಔಷಧಗಳಿದ್ದರೂ ಆಯುಸ್ಸನ್ನು ನಿರ್ಧರಿಸುವ ಮೊದಲ ಸಂಗತಿ ಬೇರೆಯೇ: ಗಡ್ಡೆ ಯಾವ ಹಂತದಲ್ಲಿ ಕೈಗೆ ಸಿಕ್ಕಿತು ಎಂಬುದು. ಅಮೆರಿಕದ ನೋಂದಣಿ ಲೆಕ್ಕದಂತೆ, ಗಡ್ಡೆ ಮೂತ್ರಪಿಂಡದೊಳಗೇ ಇರುವಾಗ ಪತ್ತೆಯಾದರೆ 100ರಲ್ಲಿ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ 20ಕ್ಕಿಂತ ಕಡಿಮೆ. ಮೊದಲ ಹಂತದಲ್ಲಿ ಒಂದು ಶಸ್ತ್ರಚಿಕಿತ್ಸೆ ಸಾಕಾಗಬಹುದು. ಗಡ್ಡೆ ಚಿಕ್ಕದಿದ್ದರೆ ಮೂತ್ರಪಿಂಡವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವುದೂ ಸಾಧ್ಯ. ಪೂರ್ತಿ ತೆಗೆದರೂ ಇನ್ನೊಂದು ಆರೋಗ್ಯವಾಗಿದ್ದರೆ ಬದುಕು ನಡೆಯುತ್ತದೆ. ಹರಡಿದ ಮೇಲಿನ ಚಿಕಿತ್ಸೆ ದೀರ್ಘವಾದದ್ದು, ಬಹಳ ದುಬಾರಿಯಾದದ್ದು. ಆದುದರಿಂದ ನಾಲ್ಕು ತಿಂಗಳ ಕಾಯುವಿಕೆ ಬರಿಯ ಕಾಯುವಿಕೆಯಲ್ಲ. ಗುಣವಾಗಬಹುದಾದ ಹಂತದಿಂದ ಹತೋಟಿಯಲ್ಲಿಡಬೇಕಾದ ಹಂತಕ್ಕೆ ಜಾರುವ ಅಪಾಯ ಅದರಲ್ಲಿದೆ.

ಅತಿ ವಯಸ್ಸಾದವರಲ್ಲಿ, ಬಹಳ ಚಿಕ್ಕ ಗಡ್ಡೆಗಳಿಗೆ, ವೈದ್ಯರೇ ಸ್ಕ್ಯಾನ್ ಮಾಡುತ್ತ ಕಾದು ನೋಡುವ ಕ್ರಮವಿದೆ. ಜ್ವರವಿರುವಾಗ ಅರಿವಳಿಕೆ ಸುರಕ್ಷಿತವಾಗಲೆಂದು ಶಸ್ತ್ರಚಿಕಿತ್ಸೆಯನ್ನು ಕೆಲವು ದಿನ ಮುಂದೂಡುವುದೂ ಉಂಟು. ಅದು ವೈದ್ಯರು ಲೆಕ್ಕ ಹಾಕಿ ಇಟ್ಟ ಗಡುವು. ಗಡ್ಡೆ ಕರಗೀತೆಂದು ಮನೆಯಲ್ಲಿ ಕೂರುವುದು ಅದಲ್ಲ.

ಮನೆಯವರು ಪಾಲಿಸಬೇಕಾದದ್ದು

ಒಂದು: ಒಂದೇ ಮೂತ್ರಪಿಂಡ ಉಳಿದವರಿಗೆ ಡೆಂಗ್ಯೂ, ಚಿಕೂನ್‌ಗುನ್ಯಾ, ಫ್ಲೂ ಮುಂತಾದ ವೈರಲ್ ಜ್ವರ ಬಂದಾಗ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿರಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ, ಇಂಜೆಕ್ಷನ್‌ಗಳು ಉಳಿದ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಡೆಂಗ್ಯೂವಿನಲ್ಲಿ ರಕ್ತಸ್ರಾವವನ್ನೂ ಹೆಚ್ಚಿಸಬಲ್ಲವು. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ವಾಂತಿಭೇದಿಯಲ್ಲಿ ದೇಹದ ನೀರು ಆರದಂತೆ ನೋಡಿಕೊಳ್ಳಿರಿ.

ಎರಡು: ಕಡಿವಾಣ ಸಡಿಲಿಸುವ ಚಿಕಿತ್ಸೆಯಲ್ಲಿರುವವರಿಗೆ ಬರುವ ಭೇದಿ, ಕೆಮ್ಮು, ಉಸಿರಾಟದ ತೊಂದರೆ, ಕಾಮಾಲೆ, ವಿಪರೀತ ಸುಸ್ತು ಇವನ್ನು ಊಟದ ಏರುಪೇರೆಂದೋ ಹವೆಯ ದೋಷವೆಂದೋ ಬಿಡಬಾರದು. ಎಚ್ಚೆತ್ತ ಕಾವಲುಗಾರರು ಸ್ವಂತ ಕರುಳು, ಶ್ವಾಸಕೋಶ, ಯಕೃತ್ತುಗಳನ್ನೇ ಹೊಡೆಯುತ್ತಿರಬಹುದು. ಅದೇ ದಿನ ಚಿಕಿತ್ಸೆ ಕೊಡುವ ವೈದ್ಯರಿಗೆ ತಿಳಿಸಬೇಕು.

ಮೂರು: ಸೋಂಕು ಬರಲೆಂದು ಬಿಡುವುದಲ್ಲ, ತಡೆಯುವುದು ಜಾಣತನ. ಫ್ಲೂ ಲಸಿಕೆಯಂಥ ನಿರ್ಜೀವ ಲಸಿಕೆಗಳನ್ನು ಸಾಮಾನ್ಯವಾಗಿ ಕ್ಯಾನ್ಸರ್ ರೋಗಿಗಳಿಗೂ ಕೊಡಬಹುದು. ಸಜೀವ ಲಸಿಕೆಗಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನೀರಿನ ತೊಟ್ಟಿ, ಹಳೆಯ ಟಯರುಗಳಲ್ಲಿ ಸೊಳ್ಳೆ ಬೆಳೆಯದಂತೆ ನೋಡುವುದು ಮನೆಯವರೆಲ್ಲರ ಕೆಲಸ.

ನಾಲ್ಕು: "ಇಮ್ಯುನಿಟಿ ಹೆಚ್ಚಿಸುವ" ಪುಡಿ, ಕಷಾಯಗಳನ್ನು ವೈದ್ಯರಿಗೆ ತಿಳಿಸದೆ ಕೊಡಬೇಡಿರಿ. ಕೆಲವು ಬೇರುಮದ್ದು, ಭಸ್ಮಗಳು ಮೂತ್ರಪಿಂಡವನ್ನೇ ಕೆಡಿಸಬಲ್ಲವು.

ಎಲ್ಲಿಗೆ ಹೋಗಬೇಕು?

ಮೂತ್ರದಲ್ಲಿ ರಕ್ತ ಕಂಡವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ, ಅಲ್ಟ್ರಾಸೌಂಡ್ ಸ್ಕ್ಯಾನ್‌ಗೆ ಕೇಳಬೇಕು. ಗಡ್ಡೆ ಕಂಡಲ್ಲಿ ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಹಾಗೂ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಇತರರಿಗೆ ಚಿಕಿತ್ಸಾ ದರದ ಶೇಕಡ 30ರಷ್ಟು, ಗರಿಷ್ಠ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಆಧಾರ್, ಪಡಿತರ ಚೀಟಿ ಜೊತೆಗಿರಲಿ. ಹಳೆಯ ಸ್ಕ್ಯಾನ್ ವರದಿಗಳನ್ನೆಲ್ಲ ಒಂದೇ ಚೀಲದಲ್ಲಿಡಿರಿ. ಅವನ್ನು ಬಿಟ್ಟು ಹೋಗಿ ಮರಳಿ ಬರುವುದರಲ್ಲೇ ಅನೇಕರ ವಾರಗಳು ಕಳೆಯುತ್ತವೆ.

ಕಾಯವನ್ನು ತುಚ್ಛವೆಂದು ತಳ್ಳದೆ, ಸಾಧನೆಯ ನೆಲೆಯೆಂದು ಗೌರವಿಸಿದ ಪರಂಪರೆ ನಮ್ಮದು. ದೇಹದೊಳಗೆ ಕಾವಲಿನ ಶಕ್ತಿಯಿದೆ ಎಂಬುದು ನಿಜ. ಆ ಶಕ್ತಿಗೂ ನೆರವು ಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ. ವೈದ್ಯರ ಕೈಯನ್ನು ಹಿಡಿಯುವುದು ಭಕ್ತಿಯ ಕೊರತೆಯಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಅದೇ ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದು ಹೊರಡುವುದರಲ್ಲಿ ವಿರೋಧವೇನೂ ಇಲ್ಲ.

ಅಂದು ಆ ಕುಟುಂಬಕ್ಕೆ ನಾವು ಇದನ್ನೇ ಚಿಕ್ಕದಾಗಿ ಹೇಳಿದೆವು. ಅಷ್ಟು ಹೊತ್ತು ಮಾತಾಡದೆ ಕುಳಿತಿದ್ದ ಹಿರಿಯರೇ ಎದ್ದು ಮಗನ ಕೈಯಿಂದ ವರದಿಯನ್ನು ತೆಗೆದುಕೊಂಡರು. ಮರುವಾರ ಹುಬ್ಬಳ್ಳಿಗೆ ಹೋಗಿ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡಿಸಿಕೊಂಡು ಬಂದಿದ್ದಾರೆ. ಅವರು ಗುಣಮುಖರಾಗಿ ಮತ್ತೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಂತಾಗಲೆಂದು ಹಾರೈಸೋಣ. ಇಂಥದೇ ವರದಿಯನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿರುವವರು ನಮ್ಮ ಭಕ್ತರಲ್ಲಿ ಇನ್ನಾರಾದರೂ ಇದ್ದರೆ, ಈ ವಾರವೇ ಅದನ್ನು ಹೊರತೆಗೆಯಿರಿ.